ವಿಕಟಕವಿ ಅಂದ್ರೆ ಪೈಥಾನ್‌ಗೆ ಯಾಕೆ ಗೊತ್ತಾಗಲ್ಲ?

ಪೈಥಾನ್ ಕಲಿಯೋಕೆ ಹೊರಟವರಿಗೆಲ್ಲ ಮೊದಲ ವಾರದಲ್ಲೇ ಸಿಗುವ ಟ್ರಿಕ್ ಒಂದಿದೆ. ಸ್ಟ್ರಿಂಗ್ ಪಕ್ಕದಲ್ಲಿ [::-1] ಅಂತ ಬರೆದರೆ ಸಾಕು, ಪದ ಹಿಂದುಮುಂದಾಗುತ್ತೆ. ತಿರುಗಿಸಿದ್ದೂ ಮೂಲವೂ ಒಂದೇ ಆದರೆ ಅದು ಪ್ಯಾಲಿಂಡ್ರೋಮ್. ಲೂಪಿಲ್ಲ ಗೀಪಿಲ್ಲ, ಒಂದೇ ಸಾಲು... ಚೆನ್ನಾಗೇ ಇದೆ.

ಈಗ ಅದಕ್ಕೆ ನಮ್ಮ "ವಿಕಟಕವಿ"ಯನ್ನು ಕೊಟ್ಟು ನೋಡಿ. ತೆನಾಲಿ ರಾಮನ ಕಥೆ ಕೇಳಿದ ಮಗುವಿಗೂ ಗೊತ್ತು, ಹಿಂದಿನಿಂದ ಓದಿದರೂ ಅದು ವಿಕಟಕವಿಯೇ. ಪೈಥಾನ್ ಮಾತ್ರ "ಅಲ್ಲ" ಅನ್ನುತ್ತೆ! ಕಾರಣ ಸರಳ. ನಮಗೆ "ವಿ" ಒಂದು ಅಕ್ಷರ; ಯುನಿಕೋಡ್‌ನಲ್ಲಿ ಅದು "ವ" ಮತ್ತು ಗುಡಿಸು, ಅಂದರೆ ಎರಡು ಕೋಡ್ ಪಾಯಿಂಟ್. ತಿರುಗಿಸಿದಾಗ ಒಂದು ಗುಡಿಸು ಅನಾಥವಾಗಿ ಎಲ್ಲಕ್ಕಿಂತ ಮುಂದೆ ನಿಲ್ಲುತ್ತೆ, ಇನ್ನೊಂದು ಹೋಗಿ "ಕ" ಮೇಲೆ ಕೂರುತ್ತೆ.

ಟ್ರಿಕ್ಕುಗಳೇ ಕೆಟ್ಟವು ಅಂತ ನನ್ನ ವಾದ ಅಲ್ಲ. ಆದರೆ "ಹತ್ತು ಟಿಪ್ಸ್", "ಐವತ್ತು ಟಿಪ್ಸ್" ಪಟ್ಟಿಗಳಲ್ಲಿ ಉದಾಹರಣೆಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷ್ ಪದಗಳೇ. ನಾವು ಕಣ್ಣುಮುಚ್ಚಿ ಕಾಪಿ ಪೇಸ್ಟ್ ಮಾಡ್ತೀವಿ. ಪ್ಯಾಲಿಂಡ್ರೋಮ್ ತಪ್ಪಾದರೆ ಯಾರ ಗಂಟೂ ಹೋಗಲ್ಲ ಬಿಡಿ. ಆದರೆ ಹೆಸರಲ್ಲಿ ಬರೀ ಅಕ್ಷರಗಳೇ ಇವೆಯಾ ಅಂತ ನೋಡೋಕೆ ಈಸ್‌ಆಲ್ಫಾ ಹಾಕಿದರೆ? "ಕಮಲ" ಪಾಸು, "ಗೀತಾ" ಫೇಲು! ದೀರ್ಘವೂ ಇಳಿಯೂ ಅದರ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ಕನ್ನಡದಲ್ಲಿ ಹೆಸರು ಬರೆದ ಗೀತಾಗೆ "ಸರಿಯಾದ ಹೆಸರು ಕೊಡಿ" ಅಂತ ಕೆಂಪು ಸಾಲು ಬರುತ್ತೆ. ಆಕೆ ಇಂಗ್ಲಿಷಿನಲ್ಲಿ ಬರೆದು ಮುಂದೆ ಹೋಗ್ತಾರೆ. ಆಮೇಲೆ ನಾವೇ ಮೀಟಿಂಗ್‌ನಲ್ಲಿ ಕೂತು, "ಕನ್ನಡದಲ್ಲಿ ಯಾರು ಸ್ವಾಮಿ ಟೈಪ್ ಮಾಡ್ತಾರೆ?" ಅಂತೀವಿ.

ಹಾಗಾಗಿ ನನ್ನ ಕಡೆಯಿಂದ ನಾಲ್ಕು ಕನ್ನಡದ ಟಿಪ್ಸ್:

1. ಅಕ್ಷರ ಎಣಿಸೋಕೆ ಲೆನ್ ನಂಬಬೇಡಿ. "ಕನ್ನಡ" ಕೊಟ್ಟರೆ 5 ಅನ್ನುತ್ತೆ. ರೆಜೆಕ್ಸ್ ಎಂಬ ಲೈಬ್ರರಿಯನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ. ಅದರ ಬ್ಯಾಕ್‌ಸ್ಲ್ಯಾಷ್ ದೊಡ್ಡ ಎಕ್ಸ್, ಗುಡಿಸು ಕೊಂಬುಗಳನ್ನು ವ್ಯಂಜನದ ಜೊತೆಗೇ ಹಿಡಿಯುತ್ತೆ. ಹಾಗೆ ಬಿಡಿಸಿ ತಿರುಗಿಸಿದರೆ ವಿಕಟಕವಿ ಗೆದ್ದ :-) ಒತ್ತಕ್ಷರ ಇದ್ದಾಗ ಮಾತ್ರ ಇನ್ನೊಮ್ಮೆ ಪರೀಕ್ಷೆ ಮಾಡಿ.

2. ಎರಡು ಪದ ಹೋಲಿಸುವ ಮುಂಚೆ ಯುನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಹಾಕಿ, ಎನ್‌ಎಫ್‌ಸಿ ರೂಪಕ್ಕೆ ತನ್ನಿ. "ಕೋ" ಬರೆಯೋಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಕಣ್ಣಿಗೆ ಒಂದೇ, ಪೈಥಾನ್‌ಗೆ ಬೇರೆ ಬೇರೆ.

3. ಪದ ಬಿಡಿಸೋಕೆ ಪೈಥಾನ್ ಜೊತೆ ಬರುವ ಆರ್‌ಇಯ ಬ್ಯಾಕ್‌ಸ್ಲ್ಯಾಷ್ ಡಬ್ಲ್ಯೂ ಬೇಡ. ಅದು "ಕನ್ನಡ"ವನ್ನು "ಕನ", "ನಡ" ಅಂತ ಸೀಳುತ್ತೆ. ಸಾದಾ ಸ್ಪ್ಲಿಟ್ ಎಷ್ಟೋ ವಾಸಿ.

4. ಒಂದು ಖುಷಿಯ ವಿಷಯ: ಇಂಟ್‌ಗೆ "೧೨೩" ಕೊಟ್ಟರೆ 123 ಅಂತ ಸರಿಯಾಗೇ ಓದುತ್ತೆ. ಅಂಕಿಗಳಿಗೆ ಸಿಕ್ಕ ಮರ್ಯಾದೆ ಅಕ್ಷರಗಳಿಗೂ ಸಿಗಬೇಕಲ್ವಾ?

ಹೊಸ ಟ್ರಿಕ್ ಕಂಡಾಗೆಲ್ಲ ಮೊದಲು ನಿಮ್ಮ ಹೆಸರನ್ನೇ ಕನ್ನಡದಲ್ಲಿ ಕೊಟ್ಟು ನೋಡಿ. ತಪ್ಪಿದರೆ ನಿಮ್ಮ ಬ್ಲಾಗಿನಲ್ಲಿ ಬರೀರಿ. ಇಂಥ ಪಟ್ಟಿಯನ್ನು ನಾವು ಮಾಡದೆ ಇನ್ಯಾರು ಮಾಡ್ತಾರೆ? ಏನಂತೀರಿ?