ಹಳೆಯ ಜೀಪು: ಮಾರುವ ಮುನ್ನ ಎರಡು ಮಾತು



ಕಾಫಿ ಧಾರಣೆ, ಅಡಿಕೆಯ ಕೊಳೆರೋಗ ಇವನ್ನೆಲ್ಲ ಬದಿಗಿಟ್ಟು ಈ ಸಲ ಜೀಪಿನ ವಿಷಯ ಬರೆಯಹೊರಟಿದ್ದೇವೆ. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಕೆಲವರು ಕೇಳಿಯಾರು. ಕಾರಣ ಇಷ್ಟೆ. ರಾಮನಾಥಪುರ, ಕೊಣನೂರು, ಶನಿವಾರಸಂತೆ ಕಡೆಯ ತೋಟಗಳಿಗೆ ಈಚೆಗೆ ಪಟ್ಟಣದ ದಲ್ಲಾಳಿಗಳು ಬಂದುಹೋಗುತ್ತಿದ್ದಾರೆ. ಅವರು ಕೇಳುವುದು ಕಾಫಿಯನ್ನಲ್ಲ, ಅಡಿಕೆಯನ್ನೂ ಅಲ್ಲ. ಶೆಡ್ಡಿನ ಮೂಲೆಯಲ್ಲಿ ಕೋಳಿ ಕಾವಿಗೆ ಕೂರುವ ಹಳೆಯ ಜೀಪನ್ನು. “ಬರೀ ತುಕ್ಕು ಸ್ವಾಮಿ, ಗುಜರಿ ಬೆಲೆಗೆ ಒಯ್ಯುತ್ತೇವೆ” ಎನ್ನುತ್ತಾರೆ. ಬರೀ ತುಕ್ಕನ್ನು ಒಯ್ಯಲು ಇಷ್ಟು ದೂರ ಯಾರೂ ಬರುವುದಿಲ್ಲ.

ನಮ್ಮ ಕಡೆಗೆ ಜೀಪು ಶೋಕಿಗಾಗಿ ಬಂದದ್ದಲ್ಲ. ಎರಡನೆಯ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಬರ್ಮಾ ರಂಗಕ್ಕಾಗಿ ಭಾರತಕ್ಕೆ ಬಂದವುಗಳಲ್ಲಿ ಹಲವು ಯುದ್ಧ ಮುಗಿದ ಮೇಲೆ ಇಲ್ಲೇ ಉಳಿದು, ‘ಮಿಲಿಟರಿ ಡಿಸ್ಪೋಸಲ್’ ಎಂಬ ಹೆಸರಿನಲ್ಲಿ ಕೈಯಿಂದ ಕೈಗೆ ದಾಟಿದವು. 1947ರಿಂದ ಮಹೀಂದ್ರ ಕಂಪನಿಯವರು ಬೊಂಬಾಯಿಯಲ್ಲಿ ಜೀಪು ಜೋಡಿಸತೊಡಗಿದರು. ಮುಂದೆ ಬಂದ ಎತ್ತರದ ಬಾನೆಟ್ಟಿನ ಸಿಜೆ-3ಬಿ ನಮ್ಮವರಿಗೆಲ್ಲ ಪರಿಚಿತವೇ. ಅಂದಹಾಗೆ, ಹಳೆಯ ಜೀಪಿನ ವ್ಯಾಪಾರದಲ್ಲಿ ಕೈಸುಟ್ಟುಕೊಂಡವರು ನಾವಷ್ಟೇ ಅಲ್ಲ. 1948ರಲ್ಲಿ ಕಾಶ್ಮೀರದ ಕಾಳಗಕ್ಕೆಂದು ಭಾರತ ಸರ್ಕಾರವೇ ವಿದೇಶದಿಂದ ರಿಪೇರಿ ಮಾಡಿದ ಜೀಪುಗಳನ್ನು ತರಿಸಿತು. ಬಂದಿಳಿದ 155 ಜೀಪುಗಳು ಕೆಲಸಕ್ಕೆ ಬಾರದವೆಂದು ಕಂಡು, ಪಾರ್ಲಿಮೆಂಟಿನಲ್ಲಿ ದೊಡ್ಡ ಗದ್ದಲವೇ ಆಯಿತು.

ನಮ್ಮ ತಂದೆಯವರು ಕೊಂಡದ್ದೂ ಡಿಸ್ಪೋಸಲ್ ಜೀಪೇ. ಎತ್ತಿನ ಗಾಡಿ ಅಚ್ಚಿನವರೆಗೆ ಹೂತುಹೋಗುವ ಆಷಾಢದ ಕೆಸರಿನಲ್ಲಿ ಅದು ನಾಲ್ಕೂ ಚಕ್ರ ತಿರುಗಿಸಿಕೊಂಡು ಮೇಲೆ ಬರುತ್ತಿತ್ತು. ಕಾಫಿ ಮೂಟೆ, ಅಡಿಕೆ ಗೊನೆ, ನಡುರಾತ್ರಿ ಹೆರಿಗೆ ನೋವು ಬಂದ ಲೈನಿನ ಹೆಣ್ಣುಮಗಳು, ಷಷ್ಠಿ ಜಾತ್ರೆಗೆ ಹೊರಟ ಹದಿನಾಲ್ಕು ಮಂದಿ, ಎಲ್ಲವನ್ನೂ ಹೊತ್ತಿದೆ. ಆದರೆ ಪೆಟ್ರೋಲು ಕುಡಿಯುವುದರಲ್ಲಿ ಅದಕ್ಕೆ ಸಮನಿಲ್ಲ. ನಾವು ಪದವಿ ಮುಗಿಸಿ ತೋಟಕ್ಕೆ ಬಂದವರೇ ಲೆಕ್ಕ ಹಾಕಿ, ಡೀಸೆಲ್ ಎಂಜಿನ್ ಕೂರಿಸಿದೆವು. ಆ ಕಾಲಕ್ಕೆ ಎಲ್ಲರೂ ಮಾಡಿದ್ದು ಅದನ್ನೇ. ತೆಗೆದ ಎಂಜಿನ್ ಕೆಲವು ವರ್ಷ ಪಂಪುಮನೆಯ ಪಕ್ಕದಲ್ಲಿ ಬಿದ್ದಿತ್ತು. ಒಂದು ದಿನ ಹಳೆಯ ಪೈಪುಗಳ ಜೊತೆ ಅದನ್ನೂ ತೂಕಕ್ಕೆ ಹಾಕಿದೆವು. ತಂದೆಯವರು ಏನೂ ಹೇಳಲಿಲ್ಲ. ಸಂಜೆ ಪಂಪುಮನೆಯ ಬಳಿ ಹೋಗಿ ಖಾಲಿ ಜಾಗ ನೋಡಿಕೊಂಡು ಬಂದರು.

ಆ ತೂಕದ ಕಬ್ಬಿಣದ ಬೆಲೆ ನಮಗೆ ತಿಳಿದದ್ದು 2021ರ ಜುಲೈಯಲ್ಲಿ. ಕೇಂದ್ರ ಸರ್ಕಾರ ಆಗ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು; ವಾಹನ ಮೂಲ ಸ್ವರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಿರಕೂಡದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಆಮೇಲೆ ನವೀಕರಣಕ್ಕೆ 5,000. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ. ಪೆಟ್ರೋಲ್ ಎಂಜಿನ್ ಕಳೆದುಕೊಂಡ ನಮ್ಮ ಜೀಪು ಈ ಬಾಗಿಲಿನಿಂದ ಆಚೆಗೇ ಉಳಿಯಿತು.

ನಿಯಮ ತಂದದ್ದು ಒಳ್ಳೆಯದೇ. ಆದರೆ ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಮಹಾರಾಜರ ಕಾರುಗಳೆಂದು ತೋರುತ್ತದೆ. ‘ವಿಎ’ ನಂಬರಿನ ವಾಹನವನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲು ತುಂಬಿಸುವುದು ಇಂಥದಕ್ಕೆ ಬಿಟ್ಟು ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಇತ್ತ ಸಾಮಾನ್ಯ ನೋಂದಣಿಯಲ್ಲೇ ಮುಂದುವರಿಸೋಣವೆಂದರೆ, 15 ವರ್ಷ ಮೀರಿದ ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ 10,000 ಆಯಿತು. ಅಂದರೆ ಬೆಳೆಗಾರನ ಜೀಪಿಗೆ ಉಳಿದದ್ದು ಎರಡೇ ಗತಿ: ಗುಜರಿ ಅಥವಾ ಗೊಂಬೆ. ಕಣದಿಂದ ಕ್ಯೂರಿಂಗ್ ವರ್ಕ್ಸ್‌ವರೆಗೆ ವರ್ಷಕ್ಕೆ ನಾಲ್ಕಾರು ಸಲ ಹೋಗಿಬರುವ ಹಳೆಯ ಜೀಪಿಗೆ ಕಡಿಮೆ ಶುಲ್ಕದ ಮೂರನೆಯ ದಾರಿಯೊಂದನ್ನು ಸರ್ಕಾರ ಮಾಡಿಕೊಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಸಹಕಾರ ಸಂಘಗಳು ಕೂಡಿ ಇದನ್ನು ಕೇಳಬೇಕು.

ಸಂಗ್ರಹಕಾರರ ಮೇಲೆ ನಮಗೆ ಸಿಟ್ಟಿಲ್ಲ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಕಾಪಾಡಿಟ್ಟಿರುವುದನ್ನು ಕಂಡವರಿಗೆ ಆ ಪ್ರೀತಿ ಎಂಥದೆಂದು ಗೊತ್ತು. ನಮ್ಮ ತಕರಾರು ಇರುವುದು, ಒಳ್ಳೆಯ ಸಿಜೆ-3ಬಿಯ ಬಾನೆಟ್ ಕೊಯ್ದು ತಗ್ಗಿಸಿ, ಹಸಿರು ಬಣ್ಣ ಬಳಿದು, ‘ಯುದ್ಧದ ಜೀಪು’ ಎಂದು ಮಾರುವವರ ಮೇಲೆ. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದ ಮೇಲೂ ಇದು ನಡೆದಿದೆ. ಯುದ್ಧದ ಜೀಪಿನ ಮುಖದಲ್ಲಿ ಒಂಬತ್ತು ಸೀಳುಗಳು, ಸಿಜೆ-3ಬಿಗೆ ಏಳು. ರೇಡಿಯೇಟರಿನ ಕೆಳಗೆ ಬಗ್ಗಿ ನೋಡಿ: ಚಾಸಿಯ ಮುಂದಿನ ಅಡ್ಡತೊಲೆ ದುಂಡು ಕೊಳವೆಯಾಗಿದ್ದರೆ ವಿಲ್ಲೀಸ್, ಚೌಕವಾಗಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ ‘ಎಫ್’ ಒತ್ತಿದ್ದಾರೆ. ಜಬಲ್ಪುರದ ಸೈನ್ಯದ ಕಾರ್ಖಾನೆಯಲ್ಲಿ 1969ರಿಂದ ತಯಾರಾದ ಜೋಂಗಾ ಯಾರ ಬಳಿಯಾದರೂ ಇದ್ದರೆ, ಆರ್.ಸಿ. ಪುಸ್ತಕದಲ್ಲಿರುವ ಮೊದಲ ನೋಂದಣಿಯ ದಿನಾಂಕ ನೋಡಿಕೊಳ್ಳಿ. ಸೈನ್ಯದಲ್ಲಿ ದುಡಿದು ತಡವಾಗಿ ಹೊರಬಂದ ಗಾಡಿಯ ನಿಜವಾದ ವಯಸ್ಸು ಬೇರೆ, ಪುಸ್ತಕದ ವಯಸ್ಸು ಬೇರೆ.

ಆದ್ದರಿಂದ ಸದಸ್ಯರಲ್ಲಿ ವಿನಂತಿ. ದಲ್ಲಾಳಿಗೆ ಮಾತು ಕೊಡುವ ಮುನ್ನ ಆರ್.ಸಿ. ಪುಸ್ತಕವನ್ನು ಪೆಟ್ಟಿಗೆಯಿಂದ ತೆಗೆದು ಚಾಸಿ ನಂಬರು, ಎಂಜಿನ್ ನಂಬರು ತಾಳೆ ನೋಡಿ. ಬಿಚ್ಚಿಟ್ಟ ಹಳೆಯ ಎಂಜಿನ್, ಗೇರುಪೆಟ್ಟಿಗೆ, ದೀಪ ಏನೇ ಇದ್ದರೂ ಜೀಪಿನ ಜೊತೆಯಲ್ಲೇ ಇರಲಿ. ಬೇರೆ ಮಾಡಿ ಮಾರಬೇಡಿ. ಸಂಘದ ಕಛೇರಿಯಲ್ಲಿ ಇದಕ್ಕೊಂದು ದಫ್ತರ ತೆರೆದಿದ್ದೇವೆ. ಗಾಡಿ, ಇಸವಿ, ಮೂಲ ಎಂಜಿನ್ ಇದೆಯೇ ಇಲ್ಲವೇ ಎಂದು ಬರೆಸಿ, ಆರ್.ಸಿ. ಪುಸ್ತಕದ ಜೆರಾಕ್ಸ್ ಕೊಟ್ಟು ಹೋಗಿ. ಒಬ್ಬರಲ್ಲಿ ಮಿಕ್ಕ ಬಿಡಿಭಾಗ ಇನ್ನೊಬ್ಬರಿಗೆ ಒದಗೀತು. ದಫ್ತರದ ಮೊದಲ ಸಾಲು ನಮ್ಮ ಜೀಪಿನದು. ಮೂಲ ಎಂಜಿನ್ ಎಂಬ ಕಲಮಿನಲ್ಲಿ ‘ಇಲ್ಲ’ ಎಂದು ನಾವೇ ಬರೆದಿದ್ದೇವೆ.

— ಕಾರ್ಯದರ್ಶಿ