ಮೋಯಾರಿನ ಆಚೆಯಿಂದ

ಮೆಟ್ಟುಪಾಳ್ಯದಿಂದ ಉದಕಮಂಡಲಕ್ಕೆ ಏರುವ ಬೆಟ್ಟದ ರೈಲನ್ನು ತೋರಿಸುವೆನೆಂದು ಮಗಳಿಗೆ ಮಾತು ಕೊಟ್ಟು ಎರಡು ವರ್ಷಗಳಾಗಿದ್ದವು. 1899ರಲ್ಲಿ ಕುನ್ನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿದ ಹಾದಿ ಅದು. ಕಡಿದಾದ ಏರಿನಲ್ಲಿ ಎರಡು ಹಳಿಗಳ ನಡುವೆ ಹಲ್ಲಿನ ಕಂಬಿಯೊಂದಿದೆ. ಎಂಜಿನ್ನಿನ ಹಲ್ಲುಚಕ್ರವು ಅದನ್ನು ಕಚ್ಚಿ ಹಿಡಿದು, ಡಬ್ಬಿಗಳನ್ನು ಹಿಂದಿನಿಂದ ತಳ್ಳುತ್ತದೆ. ತಾಳವಾಡಿಯಿಂದ ಹೊರಟು ದಿಂಬಂನ 27 ತಿರುವುಗಳನ್ನು ಇಳಿದು, ಮೆಟ್ಟುಪಾಳ್ಯದ ಬಂಧುಗಳ ಮನೆಯಲ್ಲಿ ರಾತ್ರಿ ತಂಗಿದೆವು. ಬೆಳಗ್ಗೆ ನಿಲ್ದಾಣಕ್ಕೆ ಹೋದರೆ ಟಿಕೆಟಿಲ್ಲ. ಬಹಳ ಮೊದಲೇ ಕಾದಿರಿಸಬೇಕಿತ್ತು, ಅಲಕ್ಷ್ಯ ನನ್ನದೇ. ರೈಲು ಹೊರಟುಹೋಗುವುದನ್ನು ನೋಡಿ, ಮೊದಲು ಕಂಡ ಕೋತಗಿರಿಯ ಬಸ್ಸನ್ನು ಹತ್ತಿದೆವು. ಮುಂದೆಲ್ಲಿಗೆ ಎಂಬ ಯೋಚನೆ ಇಬ್ಬರಿಗೂ ಇರಲಿಲ್ಲ.

ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ಬಂಧುವೊಬ್ಬರು ಕೇಳಿದ್ದ ಪ್ರಶ್ನೆಯೂ ನಮ್ಮೊಡನೆ ಬಸ್ಸು ಹತ್ತಿತ್ತು: "ದಿಂಬಂ ಇಳಿದ ಮೇಲೆ ನಿಮ್ಮ ಕನ್ನಡ ಯಾರಿಗೆ ಬೇಕು?" ಮಗಳು ಕನ್ನಡ ಮಾಧ್ಯಮದ ಏಳನೆಯ ತರಗತಿಯಲ್ಲಿದ್ದಾಳೆ. ಮುಂದಿನ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಲೆಂದು ತಂದ ಅರ್ಜಿಯೊಂದು ಮನೆಯ ಕಪಾಟಿನಲ್ಲಿದೆ. ಈ ಪತ್ರಿಕೆಯನ್ನು ಓದುವ ಇತರ ಮನೆಗಳ ಕಪಾಟುಗಳಲ್ಲಿಯೂ ಅಂಥದೊಂದು ಇರಬಹುದು.

ಕೋತಗಿರಿಯಲ್ಲಿ ಇಳಿದು ಕನ್ನೇರಿಮುಕ್ಕಿನವರೆಗೆ ನಡೆದೆವು. ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವೇರಿ ಬಂದು ನೆಲೆಸಿದ ಬಂಗಲೆ ಅಲ್ಲಿದೆ. ಮಗಳಿಗೆ ಬಂಗಲೆಗಿಂತ ರಸ್ತೆಯ ಫಲಕಗಳೇ ಹಿಡಿಸಿದವು. ತಮಿಳಿನಲ್ಲಿ ಬರೆದಿದ್ದ 'ತೊಟ್ಟಬೆಟ್ಟಾ' ಎಂಬುದನ್ನು ಎರಡು ಬಾರಿ ಓದಿದವಳು, ಮೂರನೆಯ ಬಾರಿಗೆ "ಅಯ್ಯೋ, ದೊಡ್ಡಬೆಟ್ಟ!" ಎಂದು ನಕ್ಕಳು. 2,637 ಮೀಟರ್ ಎತ್ತರದ, ನೀಲಗಿರಿಯಲ್ಲೆಲ್ಲ ಹಿರಿದಾದ ಬೆಟ್ಟಕ್ಕೆ ಅದಕ್ಕಿಂತ ಸರಳವಾದ ಹೆಸರು ಬೇಕಿಲ್ಲ.

ಅಲ್ಲಿಂದ ಹಿಂದಿರುಗಿ, ನಿಲ್ದಾಣದಲ್ಲಿ ನಿಂತಿದ್ದ ಕೊಡನಾಡಿನ ಬಸ್ಸಿನಲ್ಲಿ ಕುಳಿತೆವು. ಚಹಾ ತೋಟಗಳ ನಡುವೆ ಹದಿನೆಂಟು ಕಿಲೋಮೀಟರ್ ಸಾಗಿ ನೋಟದ ಕಟ್ಟೆಗೆ ತಲುಪಿದಾಗ, ಕಾಣಲು ಮಂಜಿನ ಹೊರತು ಏನೂ ಇರಲಿಲ್ಲ. ಕಾಯುವುದೇ ಕೆಲಸವಾಯಿತು. ಬಿಳಿಯ ಮೇಲುದ ಹೊದ್ದಿದ್ದ ಮುದುಕಿಯೊಬ್ಬರು ಗಜ್ಜರಿ ಮಾರುತ್ತಿದ್ದರು. ನಮ್ಮೊಡನೆ ಮೊದಲು ತಮಿಳಿನಲ್ಲಿ ಮಾತಾಡಿದ ಅವರು, ನಾವಿಬ್ಬರು ಆಡಿಕೊಳ್ಳುತ್ತಿದ್ದುದನ್ನು ಕೇಳಿ ತಮ್ಮ ಬಡಗ ನುಡಿಗೆ ಹೊರಳಿದರು. ಕಟ್ಟಿನ ಬೆಲೆ 'ಹತ್ತು'. ತಮಿಳಿನ 'ಪತ್ತು' ಅಲ್ಲ. ನಿಮ್ಮ ಹಟ್ಟಿ ಯಾವುದೆಂದು ಕೇಳಿದರು. ಮಗಳು ಕನ್ನಡದಲ್ಲಿ ಉತ್ತರಿಸಿದಳು. ಅರ್ಧ ಅರ್ಥವಾಗಿ, ಅರ್ಧ ಊಹೆಯಾಗಿ ಅವರ ಸಂಭಾಷಣೆ ಅರ್ಧ ಗಂಟೆ ಸಾಗಿತು. ನನಗೆ ನಡುವೆ ಬಾಯಿ ಹಾಕಲು ಎಡೆಯೇ ಸಿಗಲಿಲ್ಲ.

ಬಡಗ ನುಡಿಯನ್ನು ಕನ್ನಡದ ಉಪಭಾಷೆಯೆಂದು ಸೇರಿಸಿಕೊಂಡುಬಿಡುವ ಅವಸರ ನಮ್ಮವರಲ್ಲಿದೆ. ಅದು ಬೇಡ. ಸ್ವತಂತ್ರ ಭಾಷೆಯೆಂದೇ ಅದನ್ನು ಎಣಿಸುವ ಭಾಷಾವಿಜ್ಞಾನಿಗಳಿದ್ದಾರೆ. ಇನ್ನೊಬ್ಬರ ಲೆಕ್ಕದಲ್ಲಿ ಕರಗಿಹೋಗುವ ಕಷ್ಟ ಗಡಿಯಾಚೆಯ ಕನ್ನಡಿಗರಾದ ನಮಗೆ ತಿಳಿಯದ್ದೇನಲ್ಲ. ನೆರೆಮನೆಯ ನುಡಿ ಎಂದರೆ ಸಾಕು. ಬಾಗಿಲು ತಟ್ಟಿದರೆ ಒಳಗಿನಿಂದ ಓಗೊಡುತ್ತದೆ.

ಮಂಜು ಸರಿದದ್ದು ಒಮ್ಮೆಗೇ. ಕೆಳಗೆ ಬಲು ಆಳದಲ್ಲಿ ಮೋಯಾರು ನದಿ. ಅದರ ಬದಿಯಲ್ಲಿ, ಪರಿಸಲಿನಲ್ಲಿ ಹೊಳೆ ದಾಟಿ ಸೇರಬೇಕಾದ ತೆಂಗುಮರಹಾಡದ ಹಸಿರು ಗದ್ದೆಗಳು. ದೂರದಲ್ಲಿ ಭವಾನಿಸಾಗರದ ನೀರಿನ ಹೊಳಪು. ಒಂದು ಪಕ್ಕಕ್ಕೆ ರಂಗಸ್ವಾಮಿ ಬೆಟ್ಟ. ಉತ್ತರಕ್ಕೆ, ಕಣಿವೆಯ ಆಚೆ, ಗೋಡೆಯಂತೆ ಎದ್ದಿದ್ದ ತಾಳಮಲೆಯ ಕಾಡನ್ನು ತೋರಿಸಿ, ಅದರ ಹಿಂದೆ ನಮ್ಮ ತಾಳವಾಡಿ ಎಂದೆ.

ಮಗಳು ಬಹಳ ಹೊತ್ತು ಅತ್ತಲೇ ನೋಡಿದಳು. "ಬಡಗು ಅಂದರೆ ಉತ್ತರ ಅಲ್ಲವೇ? ಹಾಗಾದರೆ ಇಲ್ಲಿಂದ ನಮ್ಮೂರೇ ಬಡಗು." ಮೈಸೂರು ಸೀಮೆಯಿಂದ ಹೊರಟು ಬೆಟ್ಟ ಸೇರಿದವರು ತಾವೆಂಬ ಐತಿಹ್ಯ ಬಡಗರಲ್ಲಿದೆ. ಅದನ್ನು ನಾನು ಹೇಳುವ ಮೊದಲೇ ಅವಳು ಗಜ್ಜರಿಯ ಅಜ್ಜಿಯಿಂದ ಕೇಳಿಯಾಗಿತ್ತು.

ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಮತ್ತೆ ಮೆಟ್ಟುಪಾಳ್ಯದಲ್ಲಿಯೇ ತಂಗಿದೆವು. ರೈಲು ಹೇಗಿತ್ತೆಂದು ಬಂಧುಗಳು ವಿಚಾರಿಸಿದರು. ರೈಲು ಸಿಗಲಿಲ್ಲ, ಒಬ್ಬ ಅಜ್ಜಿ ಸಿಕ್ಕಿದರು ಎಂದಳು ಮಗಳು. ಅವರು ನನ್ನ ಮುಖ ನೋಡಿದರು. ನಾನು ಗಜ್ಜರಿಯ ಕಟ್ಟನ್ನು ಬಿಚ್ಚಿ ಅವರ ಮುಂದಿಟ್ಟೆ.

ಅರ್ಜಿ ಇನ್ನೂ ಕಪಾಟಿನಲ್ಲಿಯೇ ಇದೆ. ಕೊನೆಯ ದಿನಾಂಕಕ್ಕೆ ಎರಡು ವಾರಗಳಿವೆ.