ಜೋಡಿ ತರಬೇಡಿ (ಕ್ವೇಲ್ ಕಥೆ, ಭಾಗ 4)

ಹೋದ ವಾರ ಮರಿ ಮೊಟ್ಟೆ ಒಡ್ಕೊಂಡು ಬರೋ ರೀಲ್ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ: "ನಂಗೂ ಒಂದು ಜೋಡಿ ಬೇಕು, ಎಲ್ಲಿ ಸಿಗುತ್ತೆ?" ಎಲ್ಲರಿಗೂ ಸೇರಿಸಿ ಇಲ್ಲೇ ಹೇಳ್ತೀನಿ. ಜೋಡಿ ತರಬೇಡಿ.

ನಾನು ತಂದಿದ್ದೆ. ಆರ್.ಟಿ. ನಗರದ ಕಡೆ ಒಂದು ಅಂಗಡೀಲಿ "ಒಂದು ಗಂಡು, ಒಂದು ಹೆಣ್ಣು, ಲವ್‌ಬರ್ಡ್ಸ್ ಥರಾನೇ" ಅಂದ್ರು. ಎರಡು ವಾರಕ್ಕೆ ಹೆಣ್ಣಿನ ತಲೆ ಹಿಂದೆ ಪುಕ್ಕ ಹೋಗಿ ಕೆಂಪು ಚರ್ಮ ಕಾಣ್ತಿತ್ತು. ಏನೋ ರೋಗ ಅಂತ ಗಾಬರಿ ಆಗಿ ಡಾಕ್ಟ್ರ ಹತ್ರ ಓಡಿದೆ. "ರೋಗ ಅಲ್ಲಮ್ಮ, ಗಂಡು ಕಚ್ಚಿ ಹಿಡಿದಿರೋದು" ಅಂದ್ರು. ಕ್ವೇಲ್ ಗಂಡು ಕೂಡುವಾಗ ಹೆಣ್ಣಿನ ತಲೆಯ ಪುಕ್ಕ ಹಿಡ್ಕೊಳ್ಳುತ್ತೆ, ದಿನಕ್ಕೆ ಎಷ್ಟೋ ಸಲ. ಹೆಣ್ಣು ಒಂದೇ ಇದ್ರೆ ಪೂರ್ತಿ ಕಾಟ ಅದಕ್ಕೇ. ಒಂದು ಗಂಡಿಗೆ ಕನಿಷ್ಠ ಎರಡು ಮೂರು ಹೆಣ್ಣು ಇರಬೇಕು. ಗಂಡು ಎರಡಾದ್ರೆ ಅವೇ ಕಣ್ಣು ಕಿತ್ಕೊಳ್ಳೋ ಹಾಗೆ ಹೊಡೆದಾಡ್ತವೆ.

ಇಷ್ಟಾದ್ರೂ ಮರಿ ಮಾಡಿಸೋ ಆಸೆ ಬಿಡಲಿಲ್ಲ ನಾನು. ಸಾಕಿದ ಜಪಾನೀಸ್ ಕ್ವೇಲ್ ಸಾಮಾನ್ಯವಾಗಿ ಕಾವಿಗೆ ಕೂರಲ್ಲ. ಥರ್ಮಾಕೋಲ್ ಡಬ್ಬ, ಬಲ್ಬು, 37.5 ಡಿಗ್ರಿ, 17-18 ದಿನ. ಕರೆಂಟ್ ಹೋದಾಗೆಲ್ಲ ನನ್ನ ಪ್ರಾಣ ಹೋದಂಗೆ. ಹನ್ನೆರಡು ಮೊಟ್ಟೆಗೆ ಒಂಬತ್ತು ಮರಿ. ನೀವೆಲ್ಲ ಹಾರ್ಟ್ ಒತ್ತಿದ್ದು ಅವಕ್ಕೇ.

ರೀಲಲ್ಲಿ ಇಲ್ಲದ್ದು ಮೂರನೇ ವಾರದ ಮೇಲೆ ಶುರು ಆಯ್ತು. ಕಂದು ಬಣ್ಣದ ಮರಿಗಳಲ್ಲಿ ಆಗ ಎದೆ ನೋಡಿ ಹೇಳಬಹುದು: ಚುಕ್ಕೆ ಇದ್ರೆ ಹೆಣ್ಣು, ಚುಕ್ಕೆ ಇಲ್ಲದ ಕೆಂಗಂದು ಎದೆ ಗಂಡು. ನನಗೆ ಐದು ಗಂಡು. ಹೆಣ್ಣುಮರಿ ಕೇಳ್ಕೊಂಡು ಮೂರು ಜನ ಬಂದ್ರು, ಗಂಡು ಯಾರಿಗೂ ಬೇಡ. ಅಂಗಡಿಯವರು ತಗೋತಾರೆ, ಆದ್ರೆ ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಿಮಗೂ ಗೊತ್ತು. ಕ್ಲಾಸ್ ಗ್ರೂಪಲ್ಲಂತೂ "ಫ್ರೈ ಮಾಡು ಮಗಾ" ಅಂತ ಸ್ಟಿಕ್ಕರ್. ತಿನ್ನೋರನ್ನ ನಾನು ಬೈತಿಲ್ಲ, ನಮ್ಮನೇಲೂ ಭಾನುವಾರ ಕೋಳಿ ಆಗುತ್ತೆ. ಆದ್ರೆ ಹೆಸರಿಟ್ಟು, ಅಂಗೈಲಿ ಇಟ್ಕೊಂಡು ವಿಡಿಯೋ ಮಾಡಿ, ಆಮೇಲೆ "ಎಕ್ಸ್‌ಟ್ರಾ" ಅನ್ನೋಕೆ ನನ್ನ ಕೈಲಾಗಲಿಲ್ಲ. ಕಾಸ್ಟಿಂಗ್ ಪೇಪರಲ್ಲಿ ಬೈ-ಪ್ರಾಡಕ್ಟ್ ಅಂತ ಓದ್ತೀವಲ್ಲ, ಅದು ನಮ್ಮ ಬಾಲ್ಕನೀಲಿ ಬೆಳಗಿನ ಜಾವ ಕೂಗ್ತಿದೆ.

ಅಷ್ಟು ಇಷ್ಟ ಇದ್ರೆ ಮೂರು ಹೆಣ್ಣು ಮಾತ್ರ ತನ್ನಿ. ಗಂಡಿಲ್ಲದೇ ಇದ್ರೂ ಮೊಟ್ಟೆ ಇಡ್ತವೆ, ಮರಿ ಆಗಲ್ಲ ಅಷ್ಟೆ. ಬೆದರಿದ್ರೆ ನೆಟ್ಟಗೆ ಮೇಲಕ್ಕೆ ಚಿಮ್ಮಿ ತಲೆ ಒಡ್ಕೋತವೆ, ಕೇಜಿನ ಮೇಲ್ಗಡೆ ಮೆತ್ತಗಿರೋ ಬಲೆ ಕಟ್ಟಿ. ಕೂರೋಕೆ ಕೊಂಬೆ ಬೇಡ, ಹೊರಳಾಡೋಕೆ ಒಂದು ತಟ್ಟೆ ಮರಳು ಬೇಕು. ಹುಷಾರಿಲ್ಲದಿದ್ರೆ ನಮ್ಮ ಕಡೆಯವರಿಗೆ ಹೆಬ್ಬಾಳದ ವೆಟರ್ನರಿ ಕಾಲೇಜು ಹತ್ರಾನೇ ಇದೆ.

ಇನ್ನೊಂದು. ನಮ್ಮಜ್ಜಿ ಕ್ವೇಲ್ ನೋಡಿ "ಗೌಜಲಕ್ಕಿ ಅಲ್ವೇನೇ, ರಾಗಿ ಹೊಲದಲ್ಲಿ ಬುರ್ರ್ ಅಂತ ಏಳ್ತಿದ್ವು" ಅಂದ್ರು. ಅದು ಬೇರೆ, ಇದು ಬೇರೆ. ಇವು 1974ರಲ್ಲಿ ಕ್ಯಾಲಿಫೋರ್ನಿಯಾದಿಂದ ತರಿಸಿ ಸಾಕೋಕೆ ಶುರು ಮಾಡಿದ ಜಾತಿ. ಬಯಲಲ್ಲಿ ಬಲೆ ಹಾಕಿ ಹಿಡಿದದ್ದನ್ನ ಯಾರಾದ್ರೂ ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೆ ಮುಟ್ಟಬೇಡಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಐದು ಗಂಡನ್ನೂ ಹೆಣ್ಣುಗಳ ಕಣ್ಣಿಗೆ ಬೀಳದ ಹಾಗೆ ಬೇರೆ ಇಟ್ಟಿದ್ದೀನಿ. ಸದ್ಯಕ್ಕೆ ಜಗಳ ಇಲ್ಲ. ಯಲಹಂಕ ಸುತ್ತಮುತ್ತ ಆರೇಳು ಹೆಣ್ಣು ಸಾಕಿದವರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಒಂದೆರಡು ಫ್ರೀಯಾಗಿ ಕೊಡ್ತೀನಿ. ಕೇಜ್ ಫೋಟೋ ಕಳಿಸಿದವರಿಗೆ ಮಾತ್ರ.